ಹಿನ್ನೀರಿಗೆ ಬೇಲಿ ಹಾಕುವವರು

ಪುಣೆಯಲ್ಲಿ ನೆಲೆಸಿರುವ ನಾಲ್ಕು ಕನ್ನಡ ಕುಟುಂಬಗಳವರು ನಾವು ಕಳೆದ ಚಳಿಗಾಲದ ಒಂದು ಶನಿವಾರ ಪವನಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದು ತಂಗಿದ್ದೆವು. ಸುತ್ತಲೂ ಲೋಹಗಡ, ವಿಸಾಪುರ, ತಿಕೋನಾ, ತುಂಗ್ ಕೋಟೆಗಳ ಬೆಟ್ಟಸಾಲು. ನಡುವೆ ಅಲುಗಾಡದೆ ಮಲಗಿದ ನೀರು. ಭಾನುವಾರ ಬೆಳಗ್ಗೆ ಚಹಾ ಹಿಡಿದು ಜಗಲಿಯಲ್ಲಿ ಕುಳಿತಿದ್ದಾಗ ಒಬ್ಬ ಮುದುಕ, ಅವನ ಹಿಂದೆ ಶಾಲೆಯ ವಯಸ್ಸಿನ ಒಬ್ಬ ಹುಡುಗ, ಬಿದಿರಿನ ಗಾಳದ ಕೋಲುಗಳನ್ನು ಹೆಗಲಿಗೇರಿಸಿಕೊಂಡು ನೀರಿನ ಅಂಚಿನಲ್ಲೇ ನಡೆದುಬಂದರು. ಬಂಗಲೆಯ ತಂತಿಬೇಲಿ ಅಂಗಳದ ಗಡಿಯಲ್ಲಿ ನಿಲ್ಲದೆ ಇಳಿಜಾರಿನಲ್ಲಿ ಇಳಿದು ಮೊಣಕಾಲುದ್ದ ನೀರಿನೊಳಕ್ಕೂ ಹೋಗಿತ್ತು. ಮುದುಕನು ಪಂಚೆ ಎತ್ತಿಕಟ್ಟಿ ಬೇಲಿಯನ್ನು ಸುತ್ತಿಬರಲು ನೀರಿಗೆ ಇಳಿದನು. ಅಷ್ಟರಲ್ಲಿ ಕಾವಲುಗಾರ ಸೀಟಿ ಊದುತ್ತ ಓಡಿಬಂದು, ಇದು ಖಾಸಗಿ ಜಾಗ, ಅತಿಥಿಗಳಿದ್ದಾರೆ, ಹಿಂದಕ್ಕೆ ಹೋಗಿ ಎಂದು ಗದರಿಸಿದನು. ಮುದುಕ ವಾದಿಸಲಿಲ್ಲ. ಹುಡುಗನ ಕೈಹಿಡಿದು ಬಂದ ದಾರಿಯಲ್ಲೇ ಹಿಂತಿರುಗಿದನು.

ಆ ‘ಅತಿಥಿಗಳು’ ನಾವೇ. ನಮ್ಮಲ್ಲಿ ಒಬ್ಬರೂ ಎದ್ದು ನಿಂತು, ಬರಲಿ ಬಿಡಪ್ಪಾ ಎನ್ನಲಿಲ್ಲ. ಚಹಾ ಆರುತ್ತದೆಂದು ಕುಡಿದೆವು. ಮಧ್ಯಾಹ್ನ ಊಟದ ತಟ್ಟೆ ತರುವಾಗ ಕಾವಲುಗಾರ ತಾನಾಗಿಯೇ ಒಂದು ಮಾತು ಹೇಳಿದನು: ಆ ಮುದುಕ ಪಕ್ಕದ ಊರಿನವನು, ತನಗೂ ದೂರದ ಸಂಬಂಧಿ, ಇಬ್ಬರ ಮನೆತನದ ಹೊಲಗಳೂ ಈ ನೀರಿನ ತಳದಲ್ಲಿವೆ, ಆದರೆ ಸಂಬಳ ಕೊಡುವವರು ಬೇಲಿಯ ಒಳಗಿನವರು. ಅವನ ದನಿಯಲ್ಲಿ ದೂರು ಇರಲಿಲ್ಲ. ಲೆಕ್ಕ ಒಪ್ಪಿಸುವ ನಿರ್ವಿಕಾರವಿತ್ತು. ಆ ಊಟ ನಮಗೆ ರುಚಿಸಲಿಲ್ಲವೆಂದು ಬರೆದರೆ ಸುಳ್ಳಾಗುತ್ತದೆ. ರುಚಿಸಿತು. ಆ ಮಾತು ಚುಚ್ಚತೊಡಗಿದ್ದು ಮನೆಗೆ ಮರಳಿದ ಮೇಲೆ.

ಮರಳಿದ ಮೇಲೆ ನಮ್ಮ ಬಳಗದಲ್ಲಿ ಎರಡು ವಾರ ವಾಗ್ವಾದ ನಡೆಯಿತು. ಒಂದು ಪಕ್ಷದ ವಾದ ಸರಳ: ಮಾಲೀಕನು ಕೋಟಿಗಟ್ಟಲೆ ಸುರಿದು ಜಾಗ ಕೊಂಡಿದ್ದಾನೆ, ನಾವು ಸಾವಿರಗಟ್ಟಲೆ ಸುರಿದು ಎರಡು ದಿನದ ಏಕಾಂತ ಕೊಂಡಿದ್ದೇವೆ, ಗಾಳ ಹಾಕುವವರು ಬಂದರೆ ಬಾಟಲಿ ಒಡೆಯುತ್ತಾರೆ, ಕೊಕ್ಕೆ ಚೆಲ್ಲುತ್ತಾರೆ, ಹೆಣ್ಣುಮಕ್ಕಳತ್ತ ನೋಡುತ್ತಾರೆ. ಇನ್ನೊಂದು ಪಕ್ಷ ಗಾಳಗಾರನನ್ನು ಏಕಾಂತಪ್ರಿಯ ಋಷಿಯೆಂಬಂತೆ ಚಿತ್ರಿಸಿ, ಬಂಗಲೆಯವರೆಲ್ಲ ಭೂಗಳ್ಳರೆಂದು ತೀರ್ಪು ಕೊಟ್ಟಿತು. ಈ ಎರಡೂ ಮಾತುಗಳು ನಮಗೆ ಒಪ್ಪಿತವಲ್ಲ. ಆದರೆ ತಪ್ಪುಗಳೆರಡೂ ಸಮತೂಕದವೆಂದು ಹೇಳಿ ಜಾರಿಕೊಳ್ಳುವುದೂ ನಮ್ಮ ಉದ್ದೇಶವಲ್ಲ. ದಂಡೆಯ ಮೇಲಿನ ಸಭ್ಯತೆಯನ್ನು ಮೊದಲು ಕಲಿಯಬೇಕಾದವರು ಬೇಲಿಯ ಒಳಗಿರುವವರು. ಏಕೆಂದರೆ ಆ ನೀರಿನಲ್ಲಿ ಅವರದು ಅತ್ಯಂತ ಈಚಿನ ಪಾಲು, ಅತ್ಯಂತ ಹಗುರವಾದ ಪಾಲು. ಇದೇ ಈ ಲೇಖನದ ಒಟ್ಟು ವಾದ.

ಕೊಂಡದ್ದು ಏನು ಎಂಬುದನ್ನು ಮೊದಲು ನೋಡೋಣ. ಜಲಾಶಯವನ್ನು ಕಟ್ಟುವಾಗ ಸರ್ಕಾರವು ನೀರು ತುಂಬಿ ನಿಲ್ಲುವ ಗರಿಷ್ಠ ಮಟ್ಟದವರೆಗಿನ ನೆಲವನ್ನು ಸ್ವಾಧೀನಪಡಿಸಿಕೊಳ್ಳುತ್ತದೆ. ಬೇಸಗೆಯಲ್ಲಿ ನೀರು ಇಳಿದಾಗ ಬಯಲಾಗುವ ಮೆಕ್ಕಲು ನೆಲವೂ ಸರ್ಕಾರದ್ದೇ. ಮಹಾರಾಷ್ಟ್ರದಲ್ಲಿ ಅದಕ್ಕೆ ‘ಗಾಳಪೇರ’ ಎಂಬ ಹೆಸರಿದೆ, ಹಂಗಾಮಿನ ಬೇಸಾಯಕ್ಕೆ ಅದನ್ನು ಗುತ್ತಿಗೆ ಕೊಡುವ ರೂಢಿಯೂ ಇದೆ. ಬಂಗಲೆಯವನ ಕ್ರಯಪತ್ರ ಎಷ್ಟೇ ದಪ್ಪವಾಗಿರಲಿ, ಅದು ಆ ಗೆರೆಯ ಮೇಲ್ಗಡೆಗೇ ನಿಲ್ಲಬೇಕು. ನೀರಿನೊಳಕ್ಕೆ ಇಳಿಯುವ ಬೇಲಿ ಯಾವ ಕ್ರಯಪತ್ರದ ಬಲದಿಂದಲೂ ಇಳಿದದ್ದಲ್ಲ. ಕಡತಗಳ ನಡುವೆಯೇ ಆಯುಷ್ಯ ಕಳೆಯುವ ನಮ್ಮಂಥ ಸರ್ಕಾರಿ ನೌಕರರಿಗೆ ಇದು ಗೊತ್ತಿರದ ಸಂಗತಿಯೂ ಅಲ್ಲ. ಹಿಮಾಚಲದ ಬಿಯಾಸ್ ನದಿಯ ದಂಡೆಯಲ್ಲಿ ಹೋಟೆಲೊಂದು ನದಿಯ ಹರಿವನ್ನೇ ತಿರುಗಿಸಲು ಹೊರಟ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ ಸ್ಪಷ್ಟವಾಗಿ ಹೇಳಿತು: ಇಂಥ ನೈಸರ್ಗಿಕ ಸಂಪತ್ತಿಗೆ ಸರ್ಕಾರವೂ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಮಾತ್ರ. ಸರ್ಕಾರವೇ ಒಡೆಯನಲ್ಲದ ಮೇಲೆ ವಾರಾಂತ್ಯದ ಬಾಡಿಗೆದಾರರಾದ ನಾವು ಯಾವ ಒಡೆತನದ ಹೆಸರಿನಲ್ಲಿ ಸೀಟಿ ಊದಿಸಿದೆವು?

ಕಾನೂನಿಗಿಂತ ಆಳವಾದ ಇನ್ನೊಂದು ಲೆಕ್ಕವಿದೆ. ಪುಣೆಯ ಸುತ್ತಲಿನ ಈ ‘ಸರೋವರ’ಗಳು ಸೃಷ್ಟಿಕರ್ತನ ಕೊಡುಗೆಗಳಲ್ಲ, ಊರುಗಳನ್ನು ಮುಳುಗಿಸಿ ಕಟ್ಟಿದ ಜಲಾಶಯಗಳು. ಮುಂಬಯಿಗೆ ವಿದ್ಯುತ್ತು ಒದಗಿಸಲು ಮುಳಶಿ ಕಣಿವೆಯಲ್ಲಿ ಅಣೆಕಟ್ಟು ಕಟ್ಟಲು ಹೊರಟಾಗ ಅಲ್ಲಿನ ರೈತರು 1921ರಲ್ಲಿ ಸತ್ಯಾಗ್ರಹ ಹೂಡಿದರು. ಪಾಂಡುರಂಗ ಮಹಾದೇವ ಬಾಪಟರು ‘ಸೇನಾಪತಿ’ ಎನಿಸಿಕೊಂಡದ್ದು ಆ ಹೋರಾಟದಲ್ಲಿ. ಹೋರಾಟ ಸೋತಿತು, ಕಣಿವೆ ಮುಳುಗಿತು. ಇಂದು ಅದೇ ನೀರಿನ ನೋಟಕ್ಕೆ ರಾತ್ರಿಯೊಂದಕ್ಕೆ ಇಷ್ಟೆಂದು ದರ ನಿಗದಿಯಾಗಿದೆ. ಪವನಾ ಅಣೆಕಟ್ಟು ಪೂರ್ಣಗೊಂಡದ್ದು 1972ರಲ್ಲಿ. ಅಲ್ಲಿಂದ ಪಿಂಪ್ರಿ-ಚಿಂಚವಡಕ್ಕೆ ಕೊಳವೆಯಲ್ಲಿ ನೀರೊಯ್ಯುವ ಯೋಜನೆಯನ್ನು ವಿರೋಧಿಸಿ ಮಾವಳದ ರೈತರು 2011ರ ಆಗಸ್ಟ್ 9ರಂದು ಮುಂಬಯಿ-ಪುಣೆ ಹೆದ್ದಾರಿಯಲ್ಲಿ ಪ್ರತಿಭಟಿಸಿದಾಗ ಪೋಲೀಸರ ಗುಂಡಿಗೆ ಒಬ್ಬ ಮಹಿಳೆಯೂ ಸೇರಿ ಮೂವರು ಬಲಿಯಾದರು. ‘ಕೆರೆಗೆ ಹಾರ’ದ ಭಾಗೀರಥಿಯ ಕಥೆ ಕೇಳಿ ಬೆಳೆದವರು ನಾವು. ಕೆರೆಯಲ್ಲಿ ನೀರು ನಿಲ್ಲಬೇಕಾದರೆ ಯಾರೋ ಒಬ್ಬರು ಆಹುತಿಯಾಗಬೇಕೆಂಬ ಆ ಕ್ರೂರ ಸತ್ಯವನ್ನು ಹಾಡಿನಲ್ಲಿ ಕೇಳಿ ಕಣ್ಣೀರು ಹಾಕುವ ನಾವು, ಅಂಥ ನೀರಿನ ದಂಡೆಯಲ್ಲಿ ಆಹುತಿಯಾದವರ ವಂಶದ ಮುದುಕನೊಬ್ಬ ಗಾಳ ಹಿಡಿದು ಬಂದಾಗ ಅವನನ್ನು ಅತಿಕ್ರಮಣಕಾರನೆನ್ನುವುದು ಹೇಗೆ?

ಏಕಾಂತದ ಪ್ರಶ್ನೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಮನೆಯ ಜಗಲಿಯೆದುರು ಅಪರಿಚಿತರು ಗಂಟೆಗಟ್ಟಲೆ ನಿಂತರೆ ಯಾರಿಗಾದರೂ ಕಿರಿಕಿರಿಯೇ. ಹೆಣ್ಣುಮಕ್ಕಳ ಆತಂಕವಂತೂ ನಿಜವಾದದ್ದು. ಆದರೆ ಅದಕ್ಕೆ ಮುಳ್ಳುತಂತಿಯೊಂದೇ ಉತ್ತರವೆಂಬುದು ಸುಳ್ಳು. ಫಿನ್ಲೆಂಡ್ ದೇಶದಲ್ಲಿ ಸುಮಾರು ಐದು ಲಕ್ಷ ಬೇಸಗೆ ಕಾಟೇಜುಗಳಿವೆ, ಬಹುಪಾಲು ನೀರಿನ ದಂಡೆಯಲ್ಲೇ. ಅಲ್ಲಿ ‘ಪ್ರತಿಯೊಬ್ಬನ ಹಕ್ಕು’ ಎಂಬ ಹಳೆಯ ಕಟ್ಟಳೆಯ ಪ್ರಕಾರ ಯಾರು ಬೇಕಾದರೂ ಪರರ ಕಾಡುಮೇಡಿನಲ್ಲಿ ನಡೆಯಬಹುದು, ಸಾದಾ ಗಾಳದ ಕೋಲಿನಿಂದ ಮೀನು ಹಿಡಿಯಬಹುದು, ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರಿಗೆ ರಂಧ್ರ ಕೊರೆದೂ ಹಿಡಿಯಬಹುದು. ಆದರೆ ಅದೇ ಕಟ್ಟಳೆ ಮನೆಯ ಅಂಗಳವನ್ನು, ಮನೆಯವರ ನೆಮ್ಮದಿಯನ್ನು ಗೌರವಿಸಲೇಬೇಕೆಂದೂ ಹೇಳುತ್ತದೆ. ನೆರೆಯ ಸ್ವೀಡನ್ನಿನಲ್ಲಿ ದಂಡೆಯಿಂದ ನೂರು ಮೀಟರಿನವರೆಗೆ, ನೆಲದತ್ತಲೂ ನೀರಿನತ್ತಲೂ, ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಅನುಮತಿಯಿಲ್ಲ. ಹಕ್ಕು ಮತ್ತು ಮರ್ಯಾದೆ ಒಂದೇ ನಾಣ್ಯದ ಎರಡು ಮುಖಗಳಾಗಿ ಅಲ್ಲಿ ಚಲಾವಣೆಯಲ್ಲಿವೆ. ನಮ್ಮಲ್ಲಿ ದುಡ್ಡುಳ್ಳವನು ಹಕ್ಕನ್ನಷ್ಟೇ ಕೇಳುತ್ತಾನೆ, ಮರ್ಯಾದೆಯನ್ನು ಸಂಬಳದ ಕಾವಲುಗಾರನಿಗೆ ವಹಿಸುತ್ತಾನೆ.

ಇನ್ನು ಗಾಳಗಾರರ ಕಡೆಗೆ. ಇವರನ್ನು ಋಷಿಗಳೆನ್ನುವವರು ದಂಡೆಯನ್ನು ಕಣ್ಣಾರೆ ಕಂಡವರಲ್ಲ. ಭಾನುವಾರ ಸಂಜೆ ನಗರದ ಹವ್ಯಾಸಿಗಳು ಎದ್ದುಹೋದ ಜಾಗದಲ್ಲಿ ನೈಲಾನ್ ದಾರದ ಗೋಜಲು, ಮುರಿದ ಕೊಕ್ಕೆ, ಎರೆಯ ಪ್ಲಾಸ್ಟಿಕ್ ಪೊಟ್ಟಣ ಉಳಿದಿರುತ್ತವೆ. ಆ ದಾರ ಕೊಳೆಯುವುದಿಲ್ಲ. ನೀರುಕಾಗೆಯ ಕಾಲಿಗೆ ಸುತ್ತಿಕೊಳ್ಳುತ್ತದೆ, ದನದ ಹೊಟ್ಟೆ ಸೇರುತ್ತದೆ, ಬಟ್ಟೆ ಒಗೆಯಲು ಬಂದವರ ಅಂಗಾಲಿಗೆ ಕೊಕ್ಕೆ ನಾಟುತ್ತದೆ. ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆ ಪಡೆದ ಮೀನುಗಾರರ ಸಹಕಾರ ಸಂಘವಿರುವ ಜಲಾಶಯಗಳಲ್ಲಿಯೂ ಈ ಹವ್ಯಾಸಿಗಳು ಅವರನ್ನು ಒಂದು ಮಾತು ಕೇಳುವುದಿಲ್ಲ; ರಾತ್ರಿ ಹಾಸಿದ ಬಲೆಯ ಮೇಲೆಯೇ ಗಾಳ ಎಸೆದು, ಸಿಕ್ಕಿಕೊಂಡರೆ ಬಲೆಯನ್ನೇ ಕತ್ತರಿಸುವವರೂ ಇದ್ದಾರೆ. ಗಾಳದ ಕುರಿತ ಇಂಗ್ಲಿಷಿನ ಅತ್ಯಂತ ಹಳೆಯ ಮುದ್ರಿತ ಪ್ರಬಂಧ 1496ರಲ್ಲಿ ಹೊರಬಂತು. ಡೇಮ್ ಜೂಲಿಯಾನಾ ಬರ್ನರ್ಸ್ ಎಂಬ ಸನ್ಯಾಸಿನಿಯ ಹೆಸರಿಗೆ ಅದನ್ನು ಹಚ್ಚುವ ವಾಡಿಕೆಯುಂಟು. ಕೋಲು, ದಾರ, ಹುಳುಗಳ ವಿವರವೆಲ್ಲ ಮುಗಿದ ಮೇಲೆ ಅದು ಕೆಲವು ವಿಧಿಗಳನ್ನು ಹೇಳುತ್ತದೆ: ಬಡವನ ಸ್ವಂತ ನೀರಿನಲ್ಲಿ ಅವನನ್ನು ಕೇಳದೆ ಮೀನು ಹಿಡಿಯಬೇಡ, ಪರರ ಬೇಲಿ ಮುರಿಯಬೇಡ, ತೆರೆದ ಗೇಟನ್ನು ಮುಚ್ಚದೆ ಹೋಗಬೇಡ, ಅತಿಯಾಸೆಯಿಂದ ಬೇಕಾದ್ದಕ್ಕಿಂತ ಹೆಚ್ಚು ಹಿಡಿಯಬೇಡ. ಐದು ಶತಮಾನ ಕಳೆದರೂ ನಮ್ಮ ಹವ್ಯಾಸಿಗಳಿಗೆ ವಿದೇಶೀ ರೀಲು ಬಂದಿದೆ, ಈ ನಾಲ್ಕು ಮಾತು ಬಂದಿಲ್ಲ.

ಸದುದ್ದೇಶವೊಂದೇ ಸಾಲದೆಂಬುದಕ್ಕೆ ನಮ್ಮ ಕಾವೇರಿಯೇ ಸಾಕ್ಷಿ. ಪವನಾ ಹಿನ್ನೀರಿಗೆ ಸಮೀಪದ ಲೋಣಾವಳಾದಲ್ಲಿ ಮಹಶೀರ್ ಮೀನಿನ ಮರಿ ಮಾಡುವ ಪ್ರಸಿದ್ಧ ಕೇಂದ್ರವಿದೆ. ಅಲ್ಲಿ ಬೆಳೆದ ದಖ್ಖನ್ ಮಹಶೀರ್ ಮರಿಗಳನ್ನು ದಶಕಗಳ ಹಿಂದೆ ಕಾವೇರಿಗೆ ಬಿಡಲಾಯಿತು; ಬಿಟ್ಟವರ ಮನಸ್ಸಿನಲ್ಲಿ ಇದ್ದದ್ದು ಸಂರಕ್ಷಣೆಯ ಹಂಬಲವೇ. ಆದರೆ ಕಾವೇರಿಗೆ ತನ್ನದೇ ಆದ ಗೂನುಬೆನ್ನಿನ ಮಹಶೀರ್ ಇತ್ತು, ಬೇರೆಲ್ಲೂ ಇಲ್ಲದ್ದು. ಬಂದ ಜಾತಿ ಹಬ್ಬಿತು, ಇದ್ದ ಜಾತಿ ಕುಗ್ಗಿತು. 2018ರಲ್ಲಿ ಅದನ್ನು ಅಳಿವಿನ ಅತ್ಯಂತ ಗಂಭೀರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಕಾವೇರಿಯ ಆ ಮೀನಿನ ಬೆನ್ನು ಹತ್ತಿ ದೇಶವಿದೇಶಗಳಿಂದ ಗಾಳಗಾರರು ಬರುತ್ತಿದ್ದ ಕಾಲವೊಂದಿತ್ತು. ಹೊರಗಿನಿಂದ ಬಂದವರು ಒಳಗಿದ್ದವರನ್ನು ಅರಿಯುವ ಮೊದಲೇ ಉಪಕಾರಕ್ಕೆ ಹೊರಟರೆ ಆಗುವ ಅನಾಹುತ ಅದು. ಅಕ್ವೇರಿಯಮ್ಮಿನ ಮೀನನ್ನು ‘ಪುಣ್ಯ’ಕ್ಕೆಂದು ಕೆರೆಗೆ ಬಿಟ್ಟುಬರುವ ನಮ್ಮ ನೆರೆಹೊರೆಯವರೂ ಇದನ್ನು ಗಮನಿಸಬೇಕು.

ಶಬ್ದದ ವಿಚಾರದಲ್ಲಿ ಮಾತ್ರ ಅಪರಾಧ ಬಹುತೇಕ ಬಂಗಲೆಗಳದೇ. ಸಂಜೆಯ ಹೊತ್ತು ನೀರಿಗೆ ತಗುಲಿದ ಗಾಳಿ ತಂಪಾಗಿ, ಮೇಲಿನ ಪದರ ಬೆಚ್ಚಗಿದ್ದಾಗ ಶಬ್ದ ಮೇಲಕ್ಕೆ ಚದುರದೆ ಕೆಳಕ್ಕೆ ಬಾಗಿ ನೀರಿನ ಮೇಲೆಯೇ ಬಹುದೂರ ಸಾಗುತ್ತದೆ. ಒಂದು ದಂಡೆಯ ಧ್ವನಿವರ್ಧಕ ಎದುರು ದಂಡೆಯ ಗುಡಿಸಲಿನ ಕೂಸನ್ನು ಎಬ್ಬಿಸುವುದು ಹಾಗೆ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕ ನಿಷೇಧಿಸುವ ನಿಯಮ 2000ದಿಂದಲೂ ಇದೆ. ಶನಿವಾರ ರಾತ್ರಿ ಆ ದಂಡೆಯಲ್ಲಿ ನಿಂತವರಿಗೆ ಆ ನಿಯಮ ಹಿಂದಿ ಚಿತ್ರಗೀತೆಯ ತಾಳಕ್ಕೆ ಕುಣಿಯುತ್ತಿರುವಂತೆ ತೋರುತ್ತದೆ. ಗಾಳಗಾರರೂ ಇಲ್ಲಿ ಒಂದು ಸತ್ಯ ಒಪ್ಪಿಕೊಳ್ಳಲಿ: ಗಾಳಿಯ ಮಾತು ನೀರಿನೊಳಕ್ಕೆ ಇಳಿಯುವುದು ಬಲು ಕಡಿಮೆ, ಮೀನನ್ನು ಬೆದರಿಸುವುದು ದಂಡೆಯ ಮೇಲಿನ ದಬದಬ ಹೆಜ್ಜೆಯೇ ಹೆಚ್ಚು. ಮಕ್ಕಳು ನಕ್ಕರೆ, ಯಾರೋ ಮಾತಾಡಿದರೆ ‘ಮೀನು ಓಡಿತು’ ಎಂದು ಕೆಂಗಣ್ಣು ಬಿಡುವವರು ಮೀನಿನ ಹೆಸರಿನಲ್ಲಿ ತಮ್ಮ ಸಿಡುಕನ್ನು ಸಾಕುತ್ತಿದ್ದಾರೆ.

ಹಂಚಿಕೊಂಡ ಸುಖವೆಂಬುದು ಉಂಟೆ? ಉಂಟು, ಅದಕ್ಕೆ ಹಳೆಯ ಸಾಕ್ಷ್ಯಗಳಿವೆ. 1653ರಲ್ಲಿ ಪ್ರಕಟವಾದ ಐಸಾಕ್ ವಾಲ್ಟನ್ನನ ಗಾಳದ ಗ್ರಂಥವನ್ನು ನಾವು ಎಂ.ಎ. ತರಗತಿಯಲ್ಲಿ ಪರೀಕ್ಷೆಯ ಭಯದಿಂದ ಓದಿದ್ದೆವು. ಈಗ ಮತ್ತೆ ತೆಗೆದು ನೋಡಿದಾಗ ಒಂದು ಸನ್ನಿವೇಶ ಬೇರೆಯೇ ಆಗಿ ಕಂಡಿತು. ಗಾಳಗಾರನು ಹುಲ್ಲುಗಾವಲಿನಲ್ಲಿ ಹಾಲು ಕರೆಯುತ್ತಿರುವ ತಾಯಿ-ಮಗಳನ್ನು ಕಂಡು ತಾನು ಹಿಡಿದ ಮೀನನ್ನು ಅವರಿಗೆ ಕೊಡುತ್ತಾನೆ, ಪ್ರತಿಯಾಗಿ ಒಂದು ಹಾಡು ಕೇಳಿಕೊಳ್ಳುತ್ತಾನೆ. ದಂಡೆಯಲ್ಲಿ ದುಡಿಯುವವರಿಗೂ ಅಲ್ಲಿ ವಿನೋದಕ್ಕೆ ಬಂದವನಿಗೂ ನಡುವೆ ನಡೆಯಬೇಕಾದ ವ್ಯವಹಾರ ಅದೇ. ನಮ್ಮ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಹನ್ನೆರಡನೆಯ ಶತಮಾನದಷ್ಟು ಹಿಂದೆಯೇ, ‘ಮತ್ಸ್ಯವಿನೋದ’ವೆಂಬ ಭಾಗವಿದೆ: ಮೀನುಗಳ ಜಾತಿಗಳು, ಅವುಗಳ ಆಹಾರ, ಗಾಳ, ದಾರ, ಎರೆ, ಎಲ್ಲದರ ವಿವರ. ಅರಸನು ಬಯಸಿದ್ದರೆ ನೀರಿಗೆಲ್ಲ ಕಾವಲು ಹಾಕಿಸಬಹುದಿತ್ತು; ಆದರೆ ಆ ಭಾಗವನ್ನು ತುಂಬಿರುವುದು ಮೀನನ್ನು ಅರಿಯುವ ಸಹನೆ. ವಿನೋದವು ಅರಿವಿನಿಂದ ಹುಟ್ಟುತ್ತದೆಂದು ಆ ಅರಸನಿಗೆ ಗೊತ್ತಿತ್ತು. ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಕುಳಿತದ್ದೂ ಆ ಪರಂಪರೆಯಲ್ಲೇ ಎಂದು ನಾವು ಭಾವಿಸುತ್ತೇವೆ.

ಹಾಗಾದರೆ ದಂಡೆಯ ಮರ್ಯಾದೆ ಎಂದರೇನು? ನಾವು ಹೇಳುವುದು ಇಷ್ಟು. ಬೇಲಿ ನೀರಿನ ಗರಿಷ್ಠ ಮಟ್ಟದ ಗೆರೆಗೇ ನಿಲ್ಲಲಿ. ಅದರ ಕೆಳಗೆ ಇಬ್ಬರು ಅಕ್ಕಪಕ್ಕ ನಡೆಯುವಷ್ಟು ದಾರಿ ಯಾವಾಗಲೂ ತೆರೆದಿರಲಿ. ಆ ದಾರಿಯಲ್ಲಿ ಹಾಯುವವನು ಹಾಯಲಿ, ಆದರೆ ಜಗಲಿಯ ನೇರ ಎದುರಿಗೆ ಕೋಲು ನೆಡದೆ ನಾಲ್ಕು ಹೆಜ್ಜೆ ಆಚೆ ನೆಡಲಿ. ಬೇರೊಬ್ಬರ ಮೆಟ್ಟಿಲಿನ ಮೇಲೆ ಕೇಳದೆ ಕೂರದಿರಲಿ. ಊರವರು ಬಟ್ಟೆ ಒಗೆಯುವ, ದನ ಇಳಿಸುವ ಜಾಗದಲ್ಲಿ ಗಾಳವೂ ಬೇಡ, ವಿಹಾರದ ದೋಣಿಯೂ ಬೇಡ. ನೀರಿಗಿಳಿಸಿದ ದಾರ ಕಂಡರೆ ದೋಣಿಯವನು ವೇಗ ತಗ್ಗಿಸಿ ದೂರದಿಂದ ಸುತ್ತಲಿ. ಮುಂಗಾರಿನಲ್ಲಿ ಮೊಟ್ಟೆಯಿಡಲು ತೊರೆಗೆ ಏರುವ ಮೀನನ್ನು ಯಾರೂ ಹಿಡಿಯದಿರಲಿ. ಕತ್ತರಿಸಿದ ದಾರವನ್ನು ಎಸೆಯದೆ ಕಿಸೆಯಲ್ಲಿ ಮನೆಗೊಯ್ಯಲಿ. ಬಂಗಲೆಯ ಶೌಚದ ನೀರು ಯಾವ ಕೊಳವೆಯಲ್ಲಿ ಎಲ್ಲಿಗೆ ಹೋಗುತ್ತದೆಂದು ಬಾಡಿಗೆ ಕೊಡುವ ಮೊದಲು ಅತಿಥಿ ಕೇಳಲಿ. ಪವನಾ ನೀರನ್ನು ಪಿಂಪ್ರಿ-ಚಿಂಚವಡದ ಜನ ಕುಡಿಯುತ್ತಾರೆ, ನಮ್ಮ ಬಳಗದ ಅರ್ಧದಷ್ಟು ಮನೆಗಳೂ ಅದರಲ್ಲಿವೆ. ಮತ್ತು ತಿನ್ನುವ ಮೀನನ್ನು ಪೇಟೆಯಿಂದ ತಂದ ಪೆಟ್ಟಿಗೆಯ ಬದಲು ಆ ನೀರಿನ ಮೀನುಗಾರನಿಂದಲೇ ನ್ಯಾಯವಾದ ಬೆಲೆಗೆ ಕೊಳ್ಳಲಿ.

ಇದೆಲ್ಲ ಸಣ್ಣ ಮಾತು, ಇದಕ್ಕೆ ಕಾನೂನು ಇದೆ, ಫಲಕ ಹಾಕಿದರೆ ಸಾಕು ಎನ್ನುವವರಿಗೆ ಒಂದು ಮಾತು. ಹೈದರಾಬಾದಿನ ಗೆಳೆಯರನ್ನು ಕೇಳಿ. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳ ಸುತ್ತ ಹತ್ತು ಕಿಲೋಮೀಟರುಗಳಲ್ಲಿ ಕಟ್ಟಡಗಳನ್ನು ನಿರ್ಬಂಧಿಸುವ 111ನೆಯ ಸಂಖ್ಯೆಯ ಸರ್ಕಾರಿ ಆಜ್ಞೆ 1996ರಲ್ಲೇ ಹೊರಟಿತ್ತು. ಆ ಆಜ್ಞೆಯ ನಡುವೆಯೇ ತೋಟದ ಮನೆಗಳು ಎದ್ದವು. ಮುಂಬಯಿಯ ಗೆಳೆಯರು ಪೊವಾಯಿಯತ್ತ ನೋಡಲಿ: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುಡಿಯುವ ನೀರಿಗೆಂದು ಕಟ್ಟಿದ ಆ ಜಲಾಶಯದ ನೀರು ಇಂದು ಕುಡಿಯಲು ಬಾರದು, ಅದರ ‘ನೋಟ’ ಮಾತ್ರ ಚದರಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ನಿಯಮಗಳನ್ನು ಬರೆಯುವುದೇ ಉದ್ಯೋಗವಾದವರಿಗೆ ಅವುಗಳ ಮಿತಿ ಚೆನ್ನಾಗಿ ಗೊತ್ತು. ನಾಚಿಕೆಯಿಲ್ಲದ ಕಡೆ ಫಲಕವು ಬಟ್ಟೆ ಒಣಗಿಸುವ ಗೂಟವಾಗುತ್ತದೆ. ಕೆರೆಗಳಿಗೆ ಬಿತ್ತುವಟ್ಟ ಬಿಟ್ಟು, ನೀರುಗಂಟಿಯನ್ನು ನೇಮಿಸಿ, ಹೂಳು ತೆಗೆದ ನಮ್ಮ ಹಿರಿಯರ ಊರುಗಳಲ್ಲಿ ಕೆರೆಯನ್ನು ಕಾದದ್ದು ಶಾಸನದ ಕಲ್ಲೊಂದೇ ಅಲ್ಲ. ನೆರೆಯವನ ಕಣ್ಣಿಗೆ ಅಂಜುವ ಮನಸ್ಸೂ ಅದನ್ನು ಕಾದಿತ್ತು.

ಹೊರನಾಡ ಕನ್ನಡಿಗರಾದ ನಮಗೆ ಈ ಪಾಠ ಇನ್ನೂ ಹತ್ತಿರದ್ದು. ಬೇರೆಯವರ ನೆಲದಲ್ಲಿ, ಬೇರೆಯವರ ನೀರು ಕುಡಿದು, ಅವರ ಔದಾರ್ಯದಿಂದ ನಮ್ಮ ಸಂಘ, ನಮ್ಮ ಶಾಲೆ, ನಮ್ಮ ರಾಜ್ಯೋತ್ಸವಗಳನ್ನು ನಡೆಸಿಕೊಂಡು ಬಂದವರು ನಾವು. ನಮ್ಮನ್ನು ಯಾರಾದರೂ ‘ಹೊರಗಿನವರು’ ಎಂದಾಗ ಎಷ್ಟು ನೋಯುತ್ತೇವೆಂಬುದು ಇಲ್ಲಿ ಪ್ರಕಟವಾಗುವ ಲೇಖನಗಳನ್ನು ಓದುವವರಿಗೆಲ್ಲ ಗೊತ್ತು. ಅಂಥ ನಾವು ಎರಡು ದಿನದ ಬಾಡಿಗೆಯ ಬಲದಿಂದ ಆ ನೆಲದವನನ್ನೇ ಹೊರಗಿನವನನ್ನಾಗಿಸಿದೆವು. ಕಾವಲುಗಾರನ ಸೀಟಿಯ ಹಿಂದೆ ಇದ್ದದ್ದು ನಮ್ಮ ಉಸಿರು.

ಬರುವ ಡಿಸೆಂಬರಿನಲ್ಲಿ ಮತ್ತೆ ಪವನಾಕ್ಕೆ ಹೋಗಬೇಕೆಂದು ಬಳಗದಲ್ಲಿ ಮಾತು ಎದ್ದಿದೆ. ಹೋಗೋಣ. ಆದರೆ ಕಾಯ್ದಿರಿಸುವ ಮೊದಲು ಮಾಲೀಕರಿಗೆ ಎರಡು ಪ್ರಶ್ನೆ ಕೇಳುವುದೆಂದು ನಾವು ಕೆಲವರು ನಿರ್ಧರಿಸಿದ್ದೇವೆ: ನಿಮ್ಮ ಬೇಲಿ ಎಲ್ಲಿಗೆ ನಿಲ್ಲುತ್ತದೆ? ನಿಮ್ಮ ಕೊಳಚೆ ಎಲ್ಲಿಗೆ ಹೋಗುತ್ತದೆ? ತೃಪ್ತಿಕರ ಉತ್ತರ ಬಾರದಿದ್ದರೆ ಬೇರೆ ಮನೆ ಹುಡುಕುತ್ತೇವೆ. ಎಲ್ಲಿಯೂ ಬಾರದಿದ್ದರೆ ಬೆಳಗ್ಗೆ ಹೋಗಿ ಸಂಜೆ ಮರಳುತ್ತೇವೆ. ಇದನ್ನು ಓದುತ್ತಿರುವ ಪುಣೆ, ಮುಂಬಯಿ, ಹೈದರಾಬಾದುಗಳ ಬಳಗದವರೂ ಆ ಎರಡು ಪ್ರಶ್ನೆಗಳನ್ನು ಕೇಳಲಿ ಎಂಬುದು ನಮ್ಮ ಬಿನ್ನಹ. ನೂರು ಜನ ಕೇಳಿದರೆ ಒಂದು ಬೇಲಿಯಾದರೂ ಹಿಂದಕ್ಕೆ ಸರಿದೀತು. ಆ ಮುದುಕನೂ ಹುಡುಗನೂ ಅದೇ ದಾರಿಯಲ್ಲಿ ಮತ್ತೆ ಬಂದರೆ ಚಹಾಕ್ಕೆ ಕರೆಯೋಣ. ಬಾರದಿದ್ದರೆ ಅವರನ್ನು ದೂರುವ ಹಕ್ಕು ನಮಗಿಲ್ಲ.